ಜೊತೆಗೆ ಯಾರೂ ಬಂದಿಲ್ವಾ?

ಇಲ್ಲ, ಬಂದಿಲ್ಲ.

ಇಷ್ಟಕ್ಕೇ ಮುಗಿಯುವುದಾಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. "ಬಂದಿಲ್ಲ" ಅಂದ ಕೂಡಲೇ ಎದುರಿಗಿರುವವರ ಮುಖ ಬಾಡುತ್ತದೆ. ಆಮೇಲೆ ಎರಡನೇ ಸುತ್ತು ಶುರು. "ಮನೇಲಿ ಯಾರೂ ಇಲ್ವಾ?" "ಒಬ್ರನ್ನೇ ಹೇಗೆ ಕಳಿಸಿದ್ರು?" ಕಳಿಸಿದ್ರಂತೆ! ನನಗೀಗ 43 ವರ್ಷ, ಓಡಾಟ ವೀಲ್‌ಚೇರ್‌ನಲ್ಲಿ. ಒಂದು ಕಂಪನಿಯ ಮೂವತ್ತು ಜನರ ಸಂಬಳದ ಲೆಕ್ಕ ನನ್ನ ಕೈಯಲ್ಲಿದೆ. ಅವರ ಪಿ.ಎಫ್. ಕಟ್ಟುತ್ತೇನೆ, ಟಿ.ಡಿ.ಎಸ್. ಹಿಡಿಯುತ್ತೇನೆ. ನನ್ನನ್ನು ಯಾರೂ ಕಳಿಸುವುದಿಲ್ಲ. ನಾನೇ ಹೊರಡುತ್ತೇನೆ.

ಈ ಪ್ರಶ್ನೆಯನ್ನು ಎಲ್ಲೆಲ್ಲಿ ಕೇಳಿದ್ದಾರೆ ಅಂತ ಒಮ್ಮೆ ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಆಸ್ಪತ್ರೆ, ಸೀರೆ ಅಂಗಡಿ, ಸಿನಿಮಾ ಥಿಯೇಟರ್, ಆಟೋ, ಮದುವೆ ಮನೆಯ ಊಟದ ಪಂಕ್ತಿ. ಒಂದು ಸಲ ಬ್ಯೂಟಿ ಪಾರ್ಲರ್‌ನಲ್ಲೂ ಕೇಳಿದರು. ಐಬ್ರೋ ಮಾಡಿಸಿಕೊಳ್ಳಲು ಜೊತೆಗೆ ಯಾರು ಬೇಕು? ಹುಬ್ಬನ್ನು ನಾನೇ ತಂದಿದ್ದೆನಲ್ಲ.

ಕೇಳುವವರು ಕೆಟ್ಟವರಲ್ಲ, ಗೊತ್ತು. ಈ ಮಾತನ್ನೂ ನಾನೇ ಮೊದಲು ಹೇಳಬೇಕು. ಇಲ್ಲದಿದ್ದರೆ "ಪಾಪ ಅಂತ ಕೇಳಿದ್ರೆ ಮೇಲೆ ಬೀಳ್ತಾಳೆ" ಅಂತಾರೆ. ಸರಿ, ಕಾಳಜಿಯೇ ಇರಲಿ. ಆದರೆ ಆ ಮಾತನ್ನು ಒಮ್ಮೆ ನೀವೇ ಬಾಯಲ್ಲಿ ಹೇಳಿ ನೋಡಿ. "ಜೊತೆಗೆ ಯಾರಾದರೂ ಇದ್ದಾರಾ" ಅಂತ ಯಾರೂ ಕೇಳುವುದಿಲ್ಲ. "ಯಾರೂ ಬಂದಿಲ್ವಾ" ಅಂತಲೇ ಕೇಳುತ್ತಾರೆ. "ಊಟ ಆಯ್ತಾ" ಅನ್ನುವುದಕ್ಕೂ "ಊಟ ಹಾಕಿಲ್ವಾ" ಅನ್ನುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಮೊದಲನೆಯದು ನನ್ನನ್ನು ಕೇಳಿದ್ದು. ಎರಡನೆಯದು ನನ್ನ ಮನೆಯವರ ಮೇಲೆ ದೂರು. ಇನ್ನೊಂದು, ಹೀಗೆ ಕೇಳುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡುತ್ತಾರೆ. ವೀಲ್‌ಚೇರ್ ತಳ್ಳುವವರು ಎಲ್ಲೋ ಗಾಡಿ ನಿಲ್ಲಿಸಿ ಬರುತ್ತಿರಬೇಕು ಅಂತ.

ಒಂದು ಭಾನುವಾರದ ಕತೆ ಹೇಳುತ್ತೇನೆ.

ಭಾನುವಾರ ಕಬ್ಬನ್ ಪಾರ್ಕ್ ಒಳಗಿನ ರಸ್ತೆಗಳಿಗೆ ವಾಹನ ಬಿಡುವುದಿಲ್ಲ. ವೀಲ್‌ಚೇರ್‌ನಲ್ಲಿ ಕೂತು ರಸ್ತೆಯ ನಟ್ಟನಡುವೆ ರಾಜಾರೋಷವಾಗಿ ಹೋಗುವ ಸುಖ ಬೆಂಗಳೂರಿನಲ್ಲಿ ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ. ಬೇರೆ ಕಡೆ ಒಳ್ಳೆ ಫುಟ್‌ಪಾತ್ ಇದ್ದರೂ ಅದರ ಬಾಯಿಗೆ ಕಬ್ಬಿಣದ ಕಂಬ ನೆಟ್ಟಿರುತ್ತಾರೆ, ಬೈಕು ಹತ್ತಬಾರದು ಅಂತ. ಬೈಕಿನವರು ಪಕ್ಕದಲ್ಲೆಲ್ಲೋ ಸಂದಿ ಹುಡುಕಿ ಹತ್ತುತ್ತಾರೆ. ಕಂಬದ ಮುಂದೆ ನಿಲ್ಲುವುದು ನಾವು. ಅದಕ್ಕೇ ನಮ್ಮ ಗುಂಪು ಪಾರ್ಕಿನಲ್ಲಿ ಸೇರುತ್ತದೆ.

ಅವತ್ತು ಐದು ಜನ ಇದ್ದೆವು. ನನ್ನದು ಪೋಲಿಯೋ. ಮೊದಲು ಕಾಲಿಗೆ ಕಟ್ಟುವ ಕ್ಯಾಲಿಪರ್, ಊರುಗೋಲು. ಭುಜ ಸವೆದ ಮೇಲೆ ವೀಲ್‌ಚೇರ್. (ನಮ್ಮದು ಮುಗಿಯುತ್ತಿರುವ ಬ್ಯಾಚ್. ದೇಶದಲ್ಲಿ ವೈಲ್ಡ್ ಪೋಲಿಯೋದ, ಅಂದರೆ ಸಹಜವಾಗಿ ಹರಡುವ ವೈರಸ್‌ನ, ಕೊನೆಯ ಕೇಸ್ ಬಂದದ್ದು 2011ರ ಜನವರಿಯಲ್ಲಿ. ಆಮೇಲೆ ಅದರಿಂದ ಹೊಸ ಅಡ್ಮಿಷನ್ ಇಲ್ಲ. ಒಳ್ಳೆಯದೇ ಆಯಿತು ಬಿಡಿ.) ಎರಡನೆಯವನು ಎಲೆಕ್ಟ್ರಿಷಿಯನ್. ಕಟ್ಟಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು, ಅವನದೂ ವೀಲ್‌ಚೇರ್. ಮೂರನೆಯವರು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಮೇಷ್ಟ್ರು, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನಾಲ್ಕನೆಯವಳು ವಕೀಲೆ. ಸೆರೆಬ್ರಲ್ ಪಾಲ್ಸಿ ಇದೆ, ಮೆದುಳಿನಿಂದ ಮೈಯ ಚಲನೆಗೆ ಆಗುವ ತೊಂದರೆ. ಮಾತು ನಿಧಾನ, ನಾಲಿಗೆ ಹರಿತ. ಐದನೆಯವನಿಗೆ ಕಿವಿ ಕೇಳಿಸುವುದಿಲ್ಲ, ಆನಿಮೇಷನ್ ಕೆಲಸ ಮಾಡುತ್ತಾನೆ, ನೋಡಲು ಸಿನಿಮಾ ಹೀರೋನ ತಮ್ಮನ ಹಾಗಿದ್ದಾನೆ. ಈ ಕೊನೆಯ ವಿವರ ಮುಂದೆ ಬೇಕಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ನಾಲ್ಕು ಬಗೆ ನಮ್ಮಲ್ಲೇ ಇತ್ತು.

ಹಸಿವಾಯಿತು. ದರ್ಶಿನಿಗೆ ಹೋಗುವ ಹಾಗಿಲ್ಲ. ದರ್ಶಿನಿ ನಿಂತು ತಿನ್ನುವವರ ಲೋಕ. ವೀಲ್‌ಚೇರ್‌ನಲ್ಲಿ ಕೂತವರಿಗೆ ಮೇಜಿನ ಮೇಲಿನ ಚಟ್ನಿ ಕಾಣುವುದಿಲ್ಲ, ಮೇಜಿನ ತಳ ಕಾಣುತ್ತದೆ. ಕೂತು ತಿನ್ನುವ ಒಂದು ಹೋಟೆಲ್ ಹುಡುಕಿಕೊಂಡು ಹೋದೆವು. ಬಾಗಿಲಲ್ಲಿ ಒಂದೇ ಮೆಟ್ಟಿಲು. ಹೇಗೋ ಹತ್ತಿದೆವು. ಸಪ್ಲೈಯರ್ ಬಂದ. ನಮ್ಮನ್ನೆಲ್ಲ ನೋಡಿದ. ಬಾಗಿಲ ಕಡೆ ನೋಡಿದ.

"ಜೊತೆಗೆ ಯಾರೂ ಬಂದಿಲ್ವಾ?"

ಐದು ಜನ ಕೂತಿದ್ದೇವೆ ಸ್ವಾಮಿ! ಮೇಜು ಭರ್ತಿ. ಇಬ್ಬರಂತೂ ಕುರ್ಚಿಯನ್ನೂ ಮನೆಯಿಂದಲೇ ತಂದಿದ್ದೇವೆ. ಆದರೂ ಯಾರೂ ಬಂದಿಲ್ಲ. ಈ ಪ್ರಶ್ನೆಯಲ್ಲಿ "ಯಾರೂ" ಅಂದರೆ ಯಾರು ಅಂತ ನನಗೆ ಅವತ್ತು ಅರ್ಥವಾಯಿತು. ನಡೆಯುವವರು, ನೋಡುವವರು, ಸರಾಗವಾಗಿ ಮಾತಾಡುವವರು. ಅವರು ಮಾತ್ರ ಲೆಕ್ಕಕ್ಕೆ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು 13 ಲಕ್ಷಕ್ಕಿಂತ ಜಾಸ್ತಿ ಇದ್ದೇವೆ. ಎಲ್ಲರೂ ಒಟ್ಟಿಗೆ ಆ ಹೋಟೆಲ್‌ಗೆ ಹೋಗಿದ್ದರೂ ಸಪ್ಲೈಯರ್ ಬಾಗಿಲ ಕಡೆಯೇ ನೋಡುತ್ತಿದ್ದ.

ವಕೀಲೆ ಉತ್ತರ ಕೊಡಲು ಬಾಯಿ ತೆಗೆದಳು. ಅವಳಿಗೆ ಒಂದು ವಾಕ್ಯಕ್ಕೆ ಅರ್ಧ ನಿಮಿಷ ಬೇಕು. ಅವಳ ಮಾತನ್ನು ನಾವ್ಯಾರೂ ಮುಗಿಸಿಕೊಡುವ ಹಾಗಿಲ್ಲ. ಕಾಯಬೇಕು. ಅದು ನಮ್ಮಲ್ಲಿ ರೂಲು. "ನಾವು... ಒಬ್ಬರ ಜೊತೆ... ಒಬ್ಬರು ಬಂದಿದ್ದೀವಿ" ಅಂದಳು. ಸಪ್ಲೈಯರ್ ನನ್ನ ಕಡೆ ತಿರುಗಿ "ಏನ್ ಬೇಕಂತೆ ಅವರಿಗೆ?" ಅಂದ. "ಮಸಾಲೆ ದೋಸೆಯಂತೆ" ಅಂದೆ. ತಪ್ಪು ನನ್ನದೇ. ಹಸಿವು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಒಬ್ಬ ಹಿರಿಯರು ಎದ್ದು ಬಂದರು. ನಮ್ಮನ್ನೆಲ್ಲ ದಾಟಿ ನೇರವಾಗಿ ಹೀರೋನ ತಮ್ಮನ ಹತ್ತಿರ ಹೋಗಿ ಭುಜದ ಮೇಲೆ ಕೈ ಇಟ್ಟರು. "ಎಂಥಾ ಪುಣ್ಯದ ಕೆಲಸ ಮಾಡ್ತಿದ್ದೀಯಪ್ಪಾ. ನಿನ್ನಂಥೋರು ಇರೋದಕ್ಕೇ ಮಳೆ ಬೆಳೆ ಆಗ್ತಿರೋದು. ಇವರನ್ನೆಲ್ಲ ಕರ್ಕೊಂಡು ಬಂದು ತಿಂಡಿ ಕೊಡಿಸ್ತಿದ್ದೀಯಲ್ಲ..." ಹೀಗೇ ಎರಡು ನಿಮಿಷ. ಅವನಿಗೆ ಒಂದಕ್ಷರ ಕೇಳಿಸಿಲ್ಲ. ಅಪರಿಚಿತರು ಹತ್ತಿರ ಬಂದು ಬಾಯಿ ಆಡಿಸಿದರೆ ನಗುತ್ತಾ ತಲೆ ಆಡಿಸಬೇಕು, ಬೇಗ ಹೋಗುತ್ತಾರೆ. ಇದು ಅವನು ಚಿಕ್ಕಂದಿನಲ್ಲಿ ಕಲಿತ ಉಪಾಯ. ಆಡಿಸಿದ. ಆ ಮೌನ ಹಿರಿಯರಿಗೆ ವಿನಯವಾಗಿ ಕಂಡಿತು. ಕಣ್ಣು ಒರೆಸಿಕೊಂಡರು. ಮೇಷ್ಟ್ರಿಗೆ ಮಾತೆಲ್ಲ ಕೇಳಿಸಿತ್ತು, ಯಾರಿಗೆ ಅಂತ ಗೊತ್ತಿರಲಿಲ್ಲ. "ಯಾರನ್ನ ಹೊಗಳ್ತಿದ್ದಾರೆ?" ಅಂತ ಪಿಸುಗುಟ್ಟಿದರು. ಹೇಳಿದೆ. ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು ಅವರಿಗೆ.

ಬಿಲ್ಲನ್ನೂ ಅವನ ಮುಂದೆಯೇ ಇಟ್ಟರು. ಪುಣ್ಯವಂತ ಅಲ್ವಾ, ಕೊಟ್ಟ. ಫುಟ್‌ಪಾತಿಗೆ ಇಳಿಯುವುದರೊಳಗೆ ನಮಗೆಲ್ಲ ಯುಪಿಐ ರಿಕ್ವೆಸ್ಟ್ ಕಳಿಸಿದ್ದ. ನನ್ನ ಲೆಕ್ಕಕ್ಕೆ ಎರಡು ಕಾಫಿ ಹಾಕಿದ್ದಾನೆ, ಕುಡಿದದ್ದು ಒಂದು. ಆ ಜಗಳ ಇನ್ನೂ ಮುಗಿದಿಲ್ಲ.

ಹೋಟೆಲ್‌ನಲ್ಲಿ ಆದರೆ ನಕ್ಕು ಬರಬಹುದು. ಇದೇ ಪ್ರಶ್ನೆ ಯೂನಿಫಾರ್ಮ್ ಹಾಕಿದವರ ಬಾಯಿಂದ ಬಂದರೆ? 2012ರ ಫೆಬ್ರವರಿಯಲ್ಲಿ ಜೀಜಾ ಘೋಷ್ ಕೋಲ್ಕತ್ತಾದಿಂದ ಗೋವಾಕ್ಕೆ ಹೊರಟಿದ್ದರು. ಅವರಿಗೆ ಸೆರೆಬ್ರಲ್ ಪಾಲ್ಸಿ. ಒಬ್ಬರೇ ಇದ್ದರು. ಹೋಗುತ್ತಿದ್ದದ್ದು ಅಂಗವಿಕಲರ ವಿಷಯದ ಸಮ್ಮೇಳನಕ್ಕೇ. ವಿಮಾನದಲ್ಲಿ ಸೀಟಿನಲ್ಲಿ ಕೂತಾಗಿತ್ತು, ಇಳಿಸಿಬಿಟ್ಟರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ನಾಲ್ಕು ವರ್ಷ ಬೇಕಾಯಿತು.

ನಮ್ಮ ಮೇಷ್ಟ್ರ ಕತೆ ಇಷ್ಟು ದೊಡ್ಡದಲ್ಲ. ಅವರು ಯಾವ ಬ್ಯಾಂಕಿಗೆ ಹೋದರೂ ಬ್ಯಾಗಿನಲ್ಲಿ ಒಂದು ಕಾಗದ ಇರುತ್ತದೆ, ರಿಸರ್ವ್ ಬ್ಯಾಂಕ್ 2008ರ ಜೂನ್ 4ರಂದು ಹೊರಡಿಸಿದ ಸುತ್ತೋಲೆ. ಕಣ್ಣು ಕಾಣದವರಿಗೂ ಚೆಕ್ ಪುಸ್ತಕ, ಎಟಿಎಂ, ಲಾಕರ್ ಎಲ್ಲವನ್ನೂ ಭೇದ ಮಾಡದೆ ಕೊಡಬೇಕು ಅಂತ ಅದರಲ್ಲಿದೆ. ಅವರಿಗೆ ಅದು ಬಾಯಿಪಾಠ. ಕಾಗದ ಕೌಂಟರಿನ ಆಚೆ ಕೂತವರಿಗಾಗಿ. "ಸಾರ್, ಜೊತೆಗೆ ಸಾಕ್ಷಿಗೆ ಯಾರೂ ಬಂದಿಲ್ವಾ?" ಅಂದಾಗ ಅದನ್ನು ತೆಗೆದು ಕೊಡುತ್ತಾರೆ. "ಬಂದಿದ್ದಾರೆ, ರಿಸರ್ವ್ ಬ್ಯಾಂಕಿನವರು" ಅನ್ನುತ್ತಾರೆ.

ಜೊತೆಗೆ ಜನ ಯಾಕೆ ಬೇಕಾಗುತ್ತದೆ ಅಂತಲೂ ಯೋಚಿಸಿ. ಇಳಿಜಾರು ಇದ್ದ ಕಡೆ ನನಗೆ ಯಾರೂ ಬೇಡ. ಮೂರು ಮೆಟ್ಟಿಲಿದ್ದರೆ ನಾಲ್ಕು ಜನ ಬೇಕು. ಡಿಸೆಂಬರ್ 3ರ ಕಾರ್ಯಕ್ರಮಗಳಿಗೆ ಹೋಗಿ ನೋಡಿ. ಅವತ್ತು ಅಂಗವಿಕಲರ ದಿನ, ಅಂದರೆ ನಮ್ಮ ದಿನ, ವೇದಿಕೆ ಮಾತ್ರ ನಮ್ಮದಲ್ಲ. ಬ್ಯಾನರಿನಲ್ಲಿ "ವಿಕಲಚೇತನರು" ಅಂತ ದಪ್ಪ ಅಕ್ಷರ. (ನನ್ನ ಚೇತನಕ್ಕೆ ಏನೂ ಆಗಿಲ್ಲ, ಕಾಲಿಗೆ ಆಗಿದೆ. ಇರಲಿ.) ಶಾಲು ಹೊದಿಸಲು ಹೆಸರು ಕರೆದ ಕೂಡಲೇ ನಾಲ್ಕು ಜನ ಓಡಿ ಬಂದು ಕುರ್ಚಿ ಸಮೇತ ಎತ್ತುತ್ತಾರೆ, ಉತ್ಸವಮೂರ್ತಿ ಹಾಗೆ. ನಾಲ್ಕು ಜನ ಹೊರುವುದು ಬದುಕಿನಲ್ಲಿ ಒಂದು ಸಲ ಸಾಕು, ಅದೂ ಕೊನೆಗೆ.

ಈ ಮೆಟ್ಟಿಲಿನ ವಿಷಯಕ್ಕೂ ಕೋರ್ಟಿಗೆ ಹೋದವರಿದ್ದಾರೆ. ಕಣ್ಣು ಕಾಣದ ರಾಜೀವ್ ರತೂರಿ 2005ರಲ್ಲಿ ಅರ್ಜಿ ಹಾಕಿದರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಟ್ಟಡ ಹೀಗಿರಬೇಕು ಅನ್ನುವುದನ್ನು ಬರೀ ಸಲಹೆ ಮಾಡಿ ಇಟ್ಟಿದ್ದ ನಿಯಮ ಕಾಯ್ದೆಗೇ ವಿರುದ್ಧ ಅಂದಿತು. ಕಡ್ಡಾಯ ನಿಯಮ ಮಾಡಿ ಅಂತ ಸರ್ಕಾರಕ್ಕೆ ಮೂರು ತಿಂಗಳು ಕೊಟ್ಟಿತು. ವಕೀಲೆ ಆ ಸಂಜೆ ಗುಂಪಿಗೆ ಬರೀ ಲಡ್ಡುವಿನ ಚಿತ್ರ ಕಳಿಸಿದ್ದಳು. ತೀರ್ಪನ್ನು ಮರುದಿನ ಕಳಿಸಿದಳು.

"ಜೊತೆಗೆ ಯಾರ್ಯಾರು ಇದ್ದಾರೆ?" ಅಂತ ಒಂದು ಸಲ ಕೇಳಿ ನೋಡಿ. ಆಟೋದವರೇ ಕೇಳಲಿ, ಇಳಿಯುವ ಜಾಗ ದಾಟಿ ಹೋದರೂ ಹೇಳುತ್ತಾ ಕೂರುತ್ತೇನೆ. ನಮಗಿಂತ ಮುಂಚೆ ಬಂದವರಿಂದ ಶುರು ಮಾಡುತ್ತೇನೆ. ಪೋಲಿಯೋ ಆಗಿದ್ದ ಎನ್.ಎಸ್. ಹೇಮಾ 1959ರಲ್ಲೇ ಈ ಊರಲ್ಲಿ ಅಂಗವಿಕಲರಿಗಾಗಿ ಎ.ಪಿ.ಡಿ. ಸಂಸ್ಥೆ ಕಟ್ಟಿದರು. ಕಣ್ಣು ಕಾಣದ ಮಹಾಂತೇಶ್ 1997ರಲ್ಲಿ ಸಮರ್ಥನಂ ಅನ್ನುವ ಸಂಸ್ಥೆ ಕಟ್ಟಿದರು. ಆಮೇಲೆ ನಮ್ಮ ಗುಂಪು. ಅಲ್ಲಿ ಕವಿತೆ, ಗುಡ್ ಮಾರ್ನಿಂಗ್ ಯಾವುದೂ ಇಲ್ಲ. ಯಾವ ಮಾಲ್‌ನ ಟಾಯ್ಲೆಟ್ ಬಾಗಿಲಲ್ಲಿ ವೀಲ್‌ಚೇರ್ ತೂರುತ್ತದೆ, ಯಾವ ಟಾಯ್ಲೆಟ್‌ನಲ್ಲಿ ಪೊರಕೆ ಬಕೆಟ್ ತುಂಬಿದ್ದಾರೆ, ಟ್ಯೂಬ್ ಪಂಕ್ಚರ್ ಆದರೆ ಯಾವ ಸೈಕಲ್ ಶಾಪಿನವರು ಗೊಣಗದೆ ಹಾಕುತ್ತಾರೆ. ಟಾಯ್ಲೆಟ್ ಮಾತು ಚಿಲ್ಲರೆ ಅನಿಸಿದರೆ ನಮ್ಮ ಹೆಂಗಸರನ್ನು ಕೇಳಿ. ಹೊರಗೆ ಹೋಗುವ ದಿನ ಬೆಳಿಗ್ಗೆಯಿಂದ ನೀರು ಕುಡಿಯದವರು ನಮ್ಮಲ್ಲಿ ಎಷ್ಟೋ ಜನ. ನಾನು ಇಪ್ಪತ್ತು ವರ್ಷ ಹಾಗೇ ಕಾಲೇಜು, ಆಫೀಸು ಮಾಡಿದೆ. ಉರಿಮೂತ್ರ ಬಂದಾಗ ಡಾಕ್ಟರು "ನೀರು ಜಾಸ್ತಿ ಕುಡೀರಿ" ಅಂದರು. ಎಲ್ಲಿ ಹೋಗಿ ಬರಲಿ ಅಂತ ಅವರಿಗೆ ಹೊಳೆಯಲಿಲ್ಲ. ಗುಂಪಿಗೆ ಹೊಳೆಯಿತು. ಎಲೆಕ್ಟ್ರಿಷಿಯನ್ ಅಂತೂ ಹೊಸದಾಗಿ ಬೆನ್ನುಹುರಿ ಪೆಟ್ಟಾದವರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈಯುತ್ತಾನೆ: "ಮಗ್ಗುಲು ಬದಲಾಯಿಸಿದ್ಯಾ? ಬೆಡ್‌ಸೋರ್ ಆದ್ರೆ ಆರು ತಿಂಗಳು ಮಲಗ್ತೀಯ."

ಅಮ್ಮ ಇರುವವರೆಗೆ ಎಲ್ಲ ಕಡೆ ಅಮ್ಮನೇ ಜೊತೆಗೆ. ಆಗ ಯಾರೂ ನನ್ನನ್ನು ಈ ಪ್ರಶ್ನೆ ಕೇಳಲಿಲ್ಲ. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. "ಮಗೂಗೆ ಏನು ಕೊಡ್ಲಿ?" ಅಂತ ಅಮ್ಮನನ್ನೇ ಕೇಳುತ್ತಿದ್ದರು. "ಖಾಲಿ ದೋಸೆ ಕೊಡಿ, ಅವಳಿಗೆ ಖಾರ ಆಗಲ್ಲ" ಅನ್ನುತ್ತಿದ್ದಳು ಅಮ್ಮ. ನನಗೆ ಖಾರ ಆಗುತ್ತದೆ. ಅದು ನನಗೇ ಗೊತ್ತಾಗಿದ್ದು 26ನೇ ವಯಸ್ಸಿನಲ್ಲಿ, ವಕೀಲೆ ಜೊತೆ ಗಾಡಿ ಮುಂದೆ ಮೆಣಸಿನಕಾಯಿ ಬಜ್ಜಿ ತಿಂದ ದಿನ. ಅಮ್ಮನಿಗೆ ಇದನ್ನು ಹೇಳಲೇ ಇಲ್ಲ.

ಇನ್ನೊಂದು ಬಾಕಿ ಇದೆ. ಬರೆಯದೆ ಮುಚ್ಚಿಡಬಹುದಿತ್ತು, ಆದರೆ ವಕೀಲೆ ಇದನ್ನು ಓದುತ್ತಾಳೆ.

ಮೊನ್ನೆ ನಮ್ಮ ಗುಂಪಿಗೆ ಡೌನ್ ಸಿಂಡ್ರೋಮ್ (ಹುಟ್ಟಿನಿಂದ ಬರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಹುಡುಗಿಯೊಬ್ಬಳು ಸೇರಿದಳು. 24 ವರ್ಷ, ಒಂದು ಕೆಫೆಯಲ್ಲಿ ಕೆಲಸ. ಮೊದಲ ಭಾನುವಾರ ಅವಳಪ್ಪ ಪಾರ್ಕಿನ ಗೇಟಿನವರೆಗೆ ಬಿಟ್ಟು ಹೋದರು. ಎರಡನೇ ಭಾನುವಾರ ಒಬ್ಬಳೇ ಬಂದಳು, ಬ್ಯಾಗು ಎದೆಗೆ ಹಾಕಿಕೊಂಡು. ನಾನು ಅವಳ ಪಕ್ಕದಿಂದ ಇಣುಕಿ ಹಿಂದಕ್ಕೆ, ಗೇಟಿನ ಕಡೆ ನೋಡಿದೆ. ಬಾಯಿಂದ ಬಂದೇಬಿಟ್ಟಿತು.

"ಜೊತೆಗೆ ಯಾರೂ ಬಂದಿಲ್ವಾ ಪುಟ್ಟಾ?"

ಅವಳು ಸ್ವಲ್ಪ ಯೋಚಿಸಿದಳು. "ತುಂಬಾ ಜನ ಇದ್ರು ಆಂಟಿ. ಬಸ್ಸು ಫುಲ್ಲು. ನಿಂತ್ಕೊಂಡೇ ಬಂದೆ."

ಎಲೆಕ್ಟ್ರಿಷಿಯನ್ ಮುಖ ಆ ಕಡೆ ತಿರುಗಿಸಿದ. ಮೇಷ್ಟ್ರು ಕೆಮ್ಮಿದರು. ವಕೀಲೆ ನನ್ನನ್ನೇ ನೋಡುತ್ತಾ ಏನೋ ಹೇಳಲು ಬಾಯಿ ತೆಗೆದಳು. ಅರ್ಧ ನಿಮಿಷ. ನಮ್ಮಲ್ಲಿ ರೂಲು ಇದೆಯಲ್ಲ, ಕಾದೆ.