ರೇಸ್ ಇಳಿಯದ ಔಟ್‌ಬೋರ್ಡ್: ಸ್ಕ್ರೂಗೆ ಕೈ ಹಾಕುವುದು ಕೊನೆಗೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟ್, ಪರ್ಸೀನ್ ಬೋಟ್‌ಗಳಿಗೆ ರಜೆ. ಆಗ ಕಡಲಿಗಿಳಿಯುವುದು ನಾಡದೋಣಿಗಳು, ಮೋಟಾರ್ ಇದ್ದರೆ ಅದು 10 ಎಚ್‌ಪಿ ಒಳಗೇ ಇರಬೇಕು. ಹಾಗಾಗಿ ಮೇ ತಿಂಗಳ ಕೊನೆ ಬಂತು ಅಂದ್ರೆ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ರಿಪೇರಿಯವರಿಗೆ ಊಟಕ್ಕೂ ಪುರುಸೊತ್ತಿಲ್ಲ. ಆ ಗಡಿಬಿಡಿಯಲ್ಲಿ ಕೇಳಿಬರುವ ದೂರುಗಳಲ್ಲಿ ಒಂದು: "ಸ್ಟಾರ್ಟ್ ಎಲ್ಲ ಸರಿ ಆಗ್ತದೆ ಮಾರಾಯ್ರೆ, ರೇಸ್ ಮಾತ್ರ ಇಳಿಯುದಿಲ್ಲ."

ಅಂದರೆ ವೇಗದ ಹಿಡಿ ಪೂರ್ತಿ ಇಳಿಸಿದರೂ ಎಂಜಿನ್ ಜೋರಾಗಿಯೇ ತಿರುಗುತ್ತಿರುತ್ತದೆ. ರೇಸ್ ಜಾಸ್ತಿ ಇದ್ರೆ ಏನಾಯ್ತು, ಸ್ವಲ್ಪ ಶಬ್ದ ಅಷ್ಟೇ ತಾನೇ ಅನ್ನುವವರಿದ್ದಾರೆ. ತೊಂದರೆ ಗೇರಿನಲ್ಲಿದೆ. ಔಟ್‌ಬೋರ್ಡ್‌ನಲ್ಲಿ ಬೈಕಿನ ಹಾಗೆ ಕ್ಲಚ್ ಪ್ಲೇಟ್ ಇರುವುದಿಲ್ಲ. ಗೇರ್ ಹಾಕಿದ ಕೂಡಲೇ ಎರಡು ಕಡೆಯ ಹಲ್ಲುಗಳು ನೇರವಾಗಿ ಕಚ್ಚಿಕೊಳ್ಳುತ್ತವೆ. ಎಂಜಿನ್ ಜೋರಾಗಿ ತಿರುಗುತ್ತಿದ್ದರೆ ಪ್ರತಿ ಸಲವೂ ಠಣ್ ಅಂತ ಹೊಡೆತ. ಹಲ್ಲಿನ ಮೂಲೆ ಸವೆದು ಉರುಟಾಗುತ್ತದೆ. ಆಮೇಲೆ ಭಾರ ಬಿದ್ದಾಗ ಗೇರ್ ತಾನಾಗಿ ಜಾರುತ್ತದೆ. ಮಳೆಗಾಲದಲ್ಲಿ ಅಳಿವೆ ದಾಟುವಾಗ ಗೇರ್ ಜಾರಿದರೆ ಏನಾಗ್ತದೆ ಅಂತ ಮೀನುಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಎಂಜಿನ್‌ನ ಕಥೆ ಹೇಳ್ತೇನೆ. 9.9 ಎಚ್‌ಪಿಯ ಟೂ ಸ್ಟ್ರೋಕ್, ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಕವರ್ ತೆಗೆದು ನೋಡಿದರೆ ಐಡ್ಲಿಂಗ್ ಸ್ಕ್ರೂವನ್ನು (ಹಿಡಿ ಇಳಿಸಿದಾಗ ಎಂಜಿನ್ ಎಷ್ಟು ತಿರುಗಬೇಕು ಅಂತ ಸೆಟ್ ಮಾಡುವ ಸ್ಕ್ರೂ) ಯಾರೋ ಪೂರ್ತಿ ಹಿಂದಕ್ಕೆ ತಿರುಗಿಸಿ ಇಟ್ಟಿದ್ದರು. ಸ್ಕ್ರೂವಿನ ತುದಿ ಕಾರ್ಬೊರೇಟರ್ (ಗಾಳಿ, ಇಂಧನ ಬೆರೆಸುವ ಭಾಗ) ಲಿವರಿಗೆ ತಾಗುತ್ತಲೇ ಇರಲಿಲ್ಲ. ಆದರೂ ರೇಸ್ ಹಾಗೇ ಇತ್ತು. "ಇನ್ನೂ ಸ್ವಲ್ಪ ಕಡಿಮೆ ಮಾಡಿ ಕೊಡು ಮಾರಾಯ, ನಾಳೆ ಹೋಗ್ಲಿಕ್ಕುಂಟು" ಅಂದರು ದೋಣಿಯವರು. "ಕಡಿಮೆ ಮಾಡ್ಲಿಕ್ಕೆ ಸ್ಕ್ರೂನಲ್ಲಿ ಏನೂ ಉಳಿದಿಲ್ಲ ಅಣ್ಣ" ಅಂದೆ.

ಮೊದಲು ನೋಡಬೇಕಾದ್ದು ಹಿಡಿಯಿಂದ ಈ ಲಿವರಿಗೆ ಹೋಗುವ ಕೇಬಲ್. ಉಪ್ಪು ಕೂತು ಒಳಗಿನ ತಂತಿ ಬಿಗಿಯಾಗಿದ್ದರೆ, ಅಥವಾ ನಟ್ಟಿನಲ್ಲಿ ಸಡಿಲವೇ ಬಿಡದೆ ಎಳೆದು ಕಟ್ಟಿದ್ದರೆ, ಹಿಡಿ ಪೂರ್ತಿ ಹಿಂದಕ್ಕೆ ತಿರುಗಿಸಿದರೂ ಲಿವರ್ ಕೆಳಗೆ ಕೂರುವುದಿಲ್ಲ. ಕೇಬಲಿನ ತುದಿಯನ್ನು ಲಿವರಿನಿಂದ ಕಳಚಿ ಸ್ಟಾರ್ಟ್ ಮಾಡಿ. ರೇಸ್ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಸ್ಟಿಯರಿಂಗ್ ಇರುವ ಬೋಟ್‌ಗಳಲ್ಲಿ ಎಂಜಿನ್ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ರೇಸ್ ಬದಲಾಗುತ್ತದೆಯೇ ಅಂತಲೂ ನೋಡಬೇಕು. ಬದಲಾದರೆ ಕೇಬಲ್ ಎಲ್ಲೋ ಎಳೆಯುತ್ತಿದೆ ಅಂತ ಅರ್ಥ. ಹಳೆಯ ಟೂ ಸ್ಟ್ರೋಕ್‌ಗಳಲ್ಲಿ ಇನ್ನೊಂದಿದೆ. ಹಿಡಿ ತಿರುಗಿಸಿದಾಗ ಫ್ಲೈವೀಲಿನ ಅಡಿಯ ಮ್ಯಾಗ್ನೆಟೊ ಪ್ಲೇಟೂ ತಿರುಗಿ ಕಿಡಿ ಹಾರುವ ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಆ ಪ್ಲೇಟ್ ತುಕ್ಕಿಗೆ ಹಿಡಿದುಕೊಂಡು ಹಿಂದೆ ಬಾರದಿದ್ದರೆ ಕಾರ್ಬೊರೇಟರ್ ಮುಚ್ಚಿದ್ದರೂ ರೇಸ್ ಇಳಿಯುವುದಿಲ್ಲ.

ಈ ಎಂಜಿನ್‌ನಲ್ಲಿ ಎರಡೂ ಸರಿಯಿದ್ದವು. ಹಾಗಾದರೆ ಉಳಿದದ್ದು ಗಾಳಿ. ಗಾಳಿ ತಡೆಯುವ ಚೋಕ್ ಒಂದು ಚೂರು ಎಳೆದೆ. ಎಂಜಿನ್ ನಿಲ್ಲುವ ಬದಲು ಸಮ ಆಯಿತು, ರೇಸೂ ಕಡಿಮೆಯಾಯಿತು. ಅಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚು ಹೋಗುತ್ತಿದೆ. ಎಲ್ಲಿಂದ? ಕೆಲವರು ಪೆಟ್ರೋಲ್ ಚಿಮುಕಿಸಿ ಹುಡುಕುತ್ತಾರೆ, ಬಿಸಿ ಎಂಜಿನ್ ಮೇಲೆ ಅದು ಬೇಡವೇ ಬೇಡ. ನಾನು ಸಣ್ಣ ಬ್ರಷ್‌ನಲ್ಲಿ ದಪ್ಪ ಎಂಜಿನ್ ಆಯಿಲ್ ಅದ್ದಿ, ಕಾರ್ಬೊರೇಟರ್ ಕೂರುವ ಜೋಡಣೆಯ ಸುತ್ತ ಸವರಿದೆ. ಕೆಳಗಿನ ಮೂಲೆಗೆ ಬಂದಾಗ ಆಯಿಲ್ ಸರ್ರನೆ ಒಳಗೆ ಎಳೆದುಕೊಂಡಿತು. ಒಂದೆರಡು ಸೆಕೆಂಡ್ ರೇಸ್ ಬಿತ್ತು, ಆಮೇಲೆ ಮತ್ತೆ ಏರಿತು.

ಬಿಚ್ಚಿದಾಗ ಜೋಡಣೆಯ ಸಂದಿ ಮುಚ್ಚುವ ಹಳೆಯ ಪ್ಯಾಕಿಂಗ್‌ಗೇ ಪೇಸ್ಟ್ ಬಳಿದು ಕೂರಿಸಿದ್ದು ಕಂಡಿತು. ಒಂದು ಬೋಲ್ಟ್ ವಿಪರೀತ ಬಿಗಿ, ಇನ್ನೊಂದು ಸಡಿಲ. ಅದರಿಂದ ಕಾರ್ಬೊರೇಟರಿನ ಮುಖವೇ ಸ್ವಲ್ಪ ಬಾಗಿತ್ತು. ಗಾಜಿನ ತುಂಡಿನ ಮೇಲೆ ನಯವಾದ ಎಮೆರಿ ಪೇಪರ್ ಇಟ್ಟು, ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರುವವರೆಗೆ ಉಜ್ಜಿದೆ. ಹೊಸ ಪ್ಯಾಕಿಂಗ್ ಹಾಕಿ ಎರಡೂ ಬೋಲ್ಟ್ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆ. ಇಲ್ಲಿಯೂ ಸಿಗದಿದ್ದರೆ ಮುಂದೆ ನೋಡಬೇಕಾದ್ದು ಗಾಳಿ ಒಳಹೋಗುವ ದಾರಿಯ ರೀಡ್ ಪ್ಲೇಟ್ ಪ್ಯಾಕಿಂಗ್, ಆಮೇಲೆ ಕ್ರ್ಯಾಂಕ್ ದಂಡದ ಸೀಲ್. ಅದು ದೊಡ್ಡ ಕೆಲಸ.

ಟೂ ಸ್ಟ್ರೋಕ್‌ನಲ್ಲಿ ಇದನ್ನು ಸಣ್ಣದು ಅಂತ ಬಿಡುವ ಹಾಗಿಲ್ಲ. ಪಿಸ್ಟನ್‌ಗೆ ಬೇಕಾದ ಆಯಿಲ್ ಬರುವುದು ಇಂಧನದ ಜೊತೆಯಲ್ಲೇ. ಗಾಳಿ ಜಾಸ್ತಿ ಆದರೆ ಬಿಸಿ ಏರುತ್ತದೆ, ಆಯಿಲ್ ಸಾಲುವುದಿಲ್ಲ, ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ.

ಉಲ್ಟಾ ಕೇಸೂ ಬರುತ್ತದೆ. ಪೈಲಟ್ ಜೆಟ್ (ಕಡಿಮೆ ರೇಸಿನಲ್ಲಿ ಇಂಧನ ಬರುವ ಸಣ್ಣ ತೂತು) ಕಟ್ಟಿ ಎಂಜಿನ್ ನಿಲ್ಲುತ್ತಿರುತ್ತದೆ. ಯಾರೋ ಜೆಟ್ ಕ್ಲೀನ್ ಮಾಡುವ ಬದಲು ಸ್ಕ್ರೂ ತಿರುಗಿಸಿ ರೇಸ್ ಏರಿಸಿರುತ್ತಾರೆ. ಮುಂದೆ ಇನ್ನೊಬ್ಬರು ಕಾರ್ಬೊರೇಟರ್ ಕ್ಲೀನ್ ಮಾಡಿದಾಗ ರೇಸ್ ಹಾರುತ್ತದೆ, ಬೈಗುಳ ಕ್ಲೀನ್ ಮಾಡಿದವನಿಗೆ! ಹೊಸ ಫೋರ್ ಸ್ಟ್ರೋಕ್‌ಗಳಲ್ಲಿ ತಣ್ಣಗಿದ್ದಾಗ ರೇಸ್ ಜಾಸ್ತಿ ಇರುವುದು ಸಹಜ, ಬಿಸಿಯಾದಂತೆ ಇಳಿಯುತ್ತದೆ. ಇಳಿಯದಿದ್ದರೆ ಎಂಜಿನ್ ತಣಿಸುವ ನೀರನ್ನು ಬಿಡುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆಯೇ ಅಂತ ಒಮ್ಮೆ ನೋಡಿ.

ಸ್ಕ್ರೂ ಮುಟ್ಟುವುದು ಇದೆಲ್ಲ ಆದ ಮೇಲೆ, ಅದೂ ನೀರಿನಲ್ಲಿ. ತಣಿಸಲು ನೀರಿನ ಪೈಪ್ ಸಿಕ್ಕಿಸಿ ನೆಲದ ಮೇಲೆ ಓಡಿಸಿದರೆ ಹೊಗೆಗೆ ನೀರಿನ ತಡೆ ಇರುವುದಿಲ್ಲ, ರೇಸ್ ಜಾಸ್ತಿ ತೋರಿಸುತ್ತದೆ. ಅಲ್ಲಿ ಇಳಿಸಿಟ್ಟರೆ ಕಡಲಲ್ಲಿ ಗೇರ್ ಹಾಕಿದ ತಕ್ಷಣ ಎಂಜಿನ್ ಆಫ್. ದೋಣಿಯನ್ನು ದಕ್ಕೆಗೆ ಗಟ್ಟಿಯಾಗಿ ಕಟ್ಟಿ, ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸಿ, ಎಂಜಿನ್ ಬಿಸಿಯಾದ ಮೇಲೆ ಸೆಟ್ ಮಾಡಬೇಕು. ಎಷ್ಟು ಆರ್‌ಪಿಎಂ ಅನ್ನುವುದು ಆ ಎಂಜಿನ್‌ನ ಪುಸ್ತಕದಲ್ಲೇ ಇರುತ್ತದೆ. ಆಮೇಲೆ ಮುಂದಿನ ಗೇರ್ ಹಾಕಿ, ನಿಲ್ಲದೆ ಓಡುತ್ತದೆಯೇ ನೋಡಬೇಕು.

ಸೆಟ್ ಆದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹದವರೆಗೆ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ ಎಳೆಯುತ್ತೇನೆ. ಮುಂದಿನ ಸಲ ಬಂದಾಗ ಗೆರೆ ತಪ್ಪಿದ್ದರೆ ಯಾರೋ ತಿರುಗಿಸಿದ್ದಾರೆ. ಗೆರೆ ಸರಿಯಿದ್ದೂ ರೇಸ್ ಏರಿದ್ದರೆ ಸೀದಾ ಆಯಿಲ್ ಬ್ರಷ್ ತೆಗೆದುಕೊಳ್ಳುವುದೇ.