ದೊಡ್ಡಾಟಕ್ಕೆ ಹೊಸ ಹ್ಯಾಂಡಿಕ್ಯಾಮ್: ಸೆಟ್ಟಿಂಗ್ ಎಲ್ಲಿಗೆ ಬಂತು

ಕೊಪ್ಪಳದ ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಹತ್ತರ ಸುಮಾರಿಗೆ ಶುರುವಾಗಿ ಬೆಳಕು ಹರಿಯುವ ತನಕ ನಡೆಯುವ ದೊಡ್ಡಾಟವನ್ನು (ಬಯಲಾಟದ ಒಂದು ಬಗೆ) ಪೂರ್ತಿಯಾಗಿ ರೆಕಾರ್ಡ್ ಮಾಡಬೇಕು. ಕ್ಯಾಮೆರಾ ಕೊಂಡದ್ದು ಇದೊಂದಕ್ಕೇ. ತಂದಿರುವುದು ಸೋನಿ ಎಚ್‌ಡಿಆರ್-ಸಿಎಕ್ಸ್405: 1/5.8 ಇಂಚಿನ ಪುಟ್ಟ ಸೆನ್ಸರ್, 30 ಪಟ್ಟು ಆಪ್ಟಿಕಲ್ ಜೂಮ್, 2.7 ಇಂಚಿನ ಪರದೆ. ಪರದೆ ಟಚ್ ಅಲ್ಲ, ಪಕ್ಕದಲ್ಲಿರುವ ಸಣ್ಣ ಕಡ್ಡಿಯನ್ನೇ ಒತ್ತಿ, ಸರಿಸಿ ಮೆನುವಿನಲ್ಲಿ ಓಡಾಡಬೇಕು. ಮಂದ ಬೆಳಕಿನಲ್ಲಿ ಈಗಿನ ಒಳ್ಳೆಯ ಫೋನುಗಳೇ ಇದಕ್ಕಿಂತ ಶುಭ್ರ ಚಿತ್ರ ಕೊಡುತ್ತವೆ. ಆದರೆ ಗಂಟೆಗಟ್ಟಲೆ ನಿಲ್ಲದೆ ರೆಕಾರ್ಡ್ ಆಗುವುದು, ಕಾರ್ಡ್ ಮತ್ತು ಬ್ಯಾಟರಿ ಬದಲಿಸಬಹುದಾದದ್ದು, ನಿಧಾನಕ್ಕೆ ಜಾರುವ ಜೂಮ್ – ಇವು ಫೋನಿಗೆ ಒಗ್ಗುವ ಕೆಲಸಗಳಲ್ಲ. ಹಾಗಾಗಿ ಇದರ ಶಕ್ತಿ ಎಲ್ಲಿದೆಯೋ ಅಲ್ಲಿ ದುಡಿಸಿಕೊಂಡು, ಕೈಕೊಡುವ ಕಡೆ ಆಟೋಮ್ಯಾಟಿಕ್‌ಗಳನ್ನು ಒಂದೊಂದಾಗಿ ಬಂದ್ ಮಾಡುತ್ತಿದ್ದೇವೆ.

ಫಾರ್ಮ್ಯಾಟ್ ಮತ್ತು ಕಾರ್ಡ್ – ಮುಗಿಯಿತು

ವಿಡಿಯೊ ಉಳಿಸುವ ಫಾರ್ಮ್ಯಾಟುಗಳಲ್ಲಿ ಎಕ್ಸ್‌ಎವಿಸಿ ಎಸ್ ಆರಿಸಿದರೆ ಸೆಕೆಂಡಿಗೆ 50 ಮೆಗಾಬಿಟ್, ಅಂದರೆ ಗಂಟೆಗೆ 22.5 ಜಿಬಿ. 64 ಜಿಬಿ ಕಾರ್ಡ್ ಮೂರು ತಾಸೂ ಬಾಳುವುದಿಲ್ಲ. ಇನ್ನೊಂದು ಫಾರ್ಮ್ಯಾಟ್ ಆದ ಎವಿಸಿಎಚ್‌ಡಿಯ ಎಫ್‌ಎಚ್ ಗುಣಮಟ್ಟಕ್ಕೆ 17 ಮೆಗಾಬಿಟ್ ಸಾಕು, ಅದೇ ಕಾರ್ಡಿನಲ್ಲಿ ಎಂಟು ತಾಸು ಹಿಡಿಯುತ್ತದೆ. ಆದರೆ ಅದು 50ಐ, ಅಂದರೆ ಒಂದು ಸಲಕ್ಕೆ ಸಾಲು ಬಿಟ್ಟು ಸಾಲು ದಾಖಲಾಗುವ ಇಂಟರ್‌ಲೇಸ್ ಚಿತ್ರ. ಕುಣಿತದಲ್ಲಿ ಕಾಲು ವೇಗವಾಗಿ ಎತ್ತಿದಾಗ ಕಂಪ್ಯೂಟರ್ ಪರದೆಯ ಮೇಲೆ ಗೆಜ್ಜೆಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ. ಆದ್ದರಿಂದ ನಮ್ಮ ಆಯ್ಕೆ ಎವಿಸಿಎಚ್‌ಡಿಯ ಪಿಎಸ್: 50ಪಿ (ಸೆಕೆಂಡಿಗೆ 50 ಪೂರ್ತಿ ಫ್ರೇಮ್), ಗರಿಷ್ಠ 28 ಮೆಗಾಬಿಟ್, ಗಂಟೆಗೆ 12.6 ಜಿಬಿ. ಒಂದು ಕಾರ್ಡಿಗೆ ಸುಮಾರು ಐದು ತಾಸು, ಎರಡು ಕಾರ್ಡಿದ್ದರೆ ಇಡೀ ರಾತ್ರಿ. ಜೊತೆಗೇ ಎಂಪಿ4 ಪ್ರತಿ ಮಾಡುವ ಡ್ಯುಯಲ್ ರೆಕಾರ್ಡಿಂಗ್ ಬಂದ್ ಇಡಿ, ಅದು ಸುಮ್ಮನೆ ಜಾಗ ತಿನ್ನುತ್ತದೆ.

ಕಾರ್ಡ್ ಮೈಕ್ರೊ ಎಸ್‌ಡಿಎಕ್ಸ್‌ಸಿ, ಕ್ಲಾಸ್ 10. ಮೇಲೆ 64 ಎಂದು ಮುದ್ರಿಸಿ ಒಳಗೆ 8 ಜಿಬಿ ಇರುವ ನಕಲಿ ಕಾರ್ಡುಗಳು ಎಲ್ಲೆಲ್ಲೂ ಇವೆ. ಕ್ಯಾಮೆರಾಕ್ಕೆ ಹಾಕುವ ಮೊದಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಲಿನಕ್ಸ್‌ನಲ್ಲಿ ಎಫ್3 ಎಂಬ ಪರೀಕ್ಷಾ ಸಾಫ್ಟ್‌ವೇರ್ ಓಡಿಸಿ, ಪೂರ್ತಿ ತುಂಬಿಸಿ ಮತ್ತೆ ಓದಿಸಿ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ, ಕಂಪ್ಯೂಟರಿನಲ್ಲಿ ಅಲ್ಲ.

ಎವಿಸಿಎಚ್‌ಡಿಯಲ್ಲಿ ಉದ್ದದ ರೆಕಾರ್ಡಿಂಗ್ ಸುಮಾರು 2 ಜಿಬಿಗೊಂದು ಎಂಟಿಎಸ್ ಫೈಲಿನ ತುಂಡಾಗಿ ಉಳಿಯುತ್ತದೆ. ಆ ತುಂಡುಗಳನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದರ ಪಕ್ಕ ಒಂದು ಇಟ್ಟರೆ ಕೂಡುವ ಜಾಗದಲ್ಲಿ ಧ್ವನಿ ಕ್ಷಣಕಾಲ ಕಡಿಯುತ್ತದೆ. ಪದ ಹಾಡುತ್ತಿರುವಾಗಲೇ ಆ ಕಡಿತ ಬಂದರೆ ಕಿವಿಗೆ ಚುಚ್ಚುತ್ತದೆ. ಕಾರ್ಡಿನ ಪ್ರೈವೇಟ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಂಡು, ಕ್ಯಾಮೆರಾ ಕಂಪನಿಯ ಇಂಪೋರ್ಟ್ ಸಾಫ್ಟ್‌ವೇರಿನಿಂದಲೋ ತುಂಡುಗಳನ್ನು ಬೈನರಿ ರೀತಿಯಲ್ಲಿ (ಇದ್ದಂತೆಯೇ ಒಂದರ ಹಿಂದೆ ಒಂದು) ಜೋಡಿಸುವ ಕಂಪ್ಯೂಟರ್ ಆಜ್ಞೆಯಿಂದಲೋ ಮೊದಲು ಒಂದೇ ಫೈಲ್ ಮಾಡಿಕೊಳ್ಳಿ. ಎಡಿಟಿಂಗ್ ಆಮೇಲೆ.

ಕರೆಂಟು, ಬಿಸಿಲು, ದೂಳು

ಬ್ಯಾಟರಿ ಎನ್‌ಪಿ-ಬಿಎಕ್ಸ್1. ಕೈಪಟ್ಟಿಯಲ್ಲಿ ಅಡಗಿರುವ ಯುಎಸ್‌ಬಿ ವೈರು ಬ್ಯಾಟರಿಯನ್ನು ಕ್ಯಾಮೆರಾದೊಳಗೆ ಇಟ್ಟೇ ಚಾರ್ಜ್ ಮಾಡುತ್ತದೆ. ಒಂದು ಓಡುತ್ತಿರುವಾಗ ಇನ್ನೊಂದು ಚಾರ್ಜ್ ಆಗಬೇಕೆಂದರೆ ಬೇರೆ ಚಾರ್ಜರ್ ಬೇಕೇ ಬೇಕು. ಪ್ರತಿ ಬ್ಯಾಟರಿಯನ್ನೂ ಒಮ್ಮೆ ಪೂರ್ತಿ ತುಂಬಿಸಿ, ರೆಕಾರ್ಡಿಂಗ್‌ನಲ್ಲೇ ಆರುವ ತನಕ ಓಡಿಸಿ, ಎಷ್ಟು ಹೊತ್ತು ಬಂತೆಂದು ಅದರ ಮೇಲೇ ಚೀಟಿ ಅಂಟಿಸಿ. ಬದಲಿಸುವುದು ಪ್ರಸಂಗದ ನಡುವೆ ಅಲ್ಲ, ವೇಷ ಒಳಗೆ ಹೋಗುವ ಹೊತ್ತಿನಲ್ಲಿ.

ಇದು ಕೆಲಸ ಮಾಡಲು ನಿಗದಿಯಾದ ಉಷ್ಣತೆ 40 ಡಿಗ್ರಿ ತನಕ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಹಗಲು ಅದನ್ನು ದಾಟುತ್ತದೆ. ಕಾರಿನೊಳಗೆ ಬಿಡಬಾರದು, ಹಗಲಿನ ಪರೀಕ್ಷೆಗಳನ್ನು ಬೆಳಿಗ್ಗೆಯೇ ಮುಗಿಸಬೇಕು. ಲೆನ್ಸಿನ ಮುಚ್ಚಳ ತಾನಾಗಿ ಮುಚ್ಚುವುದಿಲ್ಲ, ಕೈಯಿಂದ ಸರಿಸಬೇಕು. ಎರೆ ಮಣ್ಣಿನ ದೂಳು ಕೂತರೆ ಮೊದಲು ಗಾಳಿಯ ಬ್ಲೋವರ್, ಆಮೇಲೆ ಬಟ್ಟೆ. ಒಣ ಬಟ್ಟೆಯಿಂದ ನೇರವಾಗಿ ಒರೆಸಿದರೆ ಗೀರು ಖಂಡಿತ.

ಜೂಮ್ – ಲೆಕ್ಕ ಸಿಕ್ಕಿದೆ

ಆನೆಗೊಂದಿ ಬಳಿ ಅಂಜನಾದ್ರಿಯ ತುದಿಯ ಬಿಳಿ ಗುಡಿಯನ್ನು ಕೆಳಗಿನಿಂದಲೇ ಪರದೆ ತುಂಬ ತರಬಹುದು, ಅಷ್ಟು ಉದ್ದದ ಜೂಮ್. ಡಿಜಿಟಲ್ ಜೂಮ್ ಮಾತ್ರ ಬಂದ್. ರಾತ್ರಿಗೆ ತೊಡಕು ಬೇರೆ ಇದೆ. ಅಗಲದ ತುದಿಯಲ್ಲಿ ಅಪರ್ಚರ್ (ಲೆನ್ಸಿಗೆ ಬೆಳಕು ಬರುವ ಕಿಂಡಿ) ಎಫ್1.8, ಪೂರ್ತಿ ಜೂಮಿನಲ್ಲಿ ಎಫ್4. ಒಳಬರುವ ಬೆಳಕು ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೊರತೆ ತುಂಬಲು ಕ್ಯಾಮೆರಾ ಗೇನ್ (ಸೆನ್ಸರಿನ ಸಿಗ್ನಲ್ ಹಿಗ್ಗಿಸುವುದು) ಏರಿಸುತ್ತದೆ, ಅಟ್ಟದ (ಹಲಗೆಯ ರಂಗದ) ಹಿಂದಿನ ಕಪ್ಪು ಪರದೆಯ ಮೇಲೆ ಮರಳಿನಂಥ ಚುಕ್ಕೆಗಳು ಕುದಿಯತೊಡಗುತ್ತವೆ. ಜನರ ಹಿಂದೆ ನಿಂತು ಜೂಮ್ ಎಳೆಯುವ ಬದಲು ಅಟ್ಟದ ಮುಂದೆ ಆರೇಳು ಮೀಟರಿನಲ್ಲಿ ಜಾಗ ಹಿಡಿಯುವುದೇ ಸರಿ. ಲೆನ್ಸಿನ ಅಗಲದ ತುದಿ 35 ಮಿಮೀ ಫಿಲ್ಮ್ ಕ್ಯಾಮೆರಾದ 26.8 ಮಿಮೀ ಲೆನ್ಸಿಗೆ ಸಮ, ಅಷ್ಟು ದೂರದಿಂದ ಎಂಟು ಮೀಟರ್ ಅಗಲ ಸಲೀಸಾಗಿ ಹಿಡಿಯುತ್ತದೆ.

ಟ್ರೈಪಾಡ್ ನೆಲದ ಮೇಲಿರಲಿ, ಅಟ್ಟದ ಹಲಗೆಗೆ ತಾಗಿಸಬೇಡಿ. ಮೂರು ವೇಷಗಳು ಒಟ್ಟಿಗೆ ಕಾಲು ಅಪ್ಪಳಿಸಿದರೆ ಚಿತ್ರ ಪೂರ್ತಿ ನಡುಗುತ್ತದೆ. ಟ್ರೈಪಾಡ್ ಮೇಲೆ ಸ್ಟೆಡಿಶಾಟ್ (ಕೈ ನಡುಕ ಸರಿಪಡಿಸುವ ಆಯ್ಕೆ) ಕೂಡ ಆಫ್. ಅದು ಆನ್ ಇದ್ದು ಕ್ಯಾಮೆರಾ ತಿರುಗಿಸಿದರೆ ಮೊದಲು ತಡೆಹಿಡಿದು, ನಿಲ್ಲಿಸಿದ ಮೇಲೆ ಚಿತ್ರವನ್ನು ಇನ್ನಷ್ಟು ಜಾರಿಸುತ್ತದೆ. ಅದರ ಆಕ್ಟಿವ್ ಆಯ್ಕೆ ಚಿತ್ರದ ಅಂಚನ್ನೂ ಕತ್ತರಿಸುತ್ತದೆ.

ಕತ್ತಲೆ, ಬಣ್ಣ, ಫೋಕಸ್ – ನಡೆಯುತ್ತಿದೆ

ಹೆಚ್ಚು ಹೊತ್ತು ಹೋಗುತ್ತಿರುವುದು ಇಲ್ಲೇ. ಹಿಂದೆ ಕಪ್ಪು ಪರದೆ, ಮುಂದೆ ಬಣ್ಣ ಹಚ್ಚಿದ ಮುಖ. ಆಟೋ ಎಕ್ಸ್‌ಪೋಷರ್ ಕಪ್ಪನ್ನು ನೋಡಿ ಇಡೀ ಚಿತ್ರವನ್ನು ಬೆಳಗಿಸುತ್ತದೆ, ಮುಖದ ಹಳದಿ ಸುಟ್ಟು ಬಿಳಿಯಾಗಿ, ಹುಬ್ಬು ಮೀಸೆ ಮಾತ್ರ ಉಳಿಯುತ್ತವೆ. ಕ್ರಮ ಹೀಗಿದೆ: ಮುಖ್ಯ ವೇಷ ದೀಪದ ಎದುರು ಬಂದಾಗ ಮುಖಕ್ಕೆ ಜೂಮ್ ಮಾಡಿ, ಎಕ್ಸ್‌ಪೋಷರನ್ನು ಮ್ಯಾನುಯಲ್‌ಗೆ ತಂದು, ಕೆನ್ನೆಯ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣುವ ತನಕ ಇಳಿಸಿ, ಮತ್ತೆ ಅಗಲಕ್ಕೆ ಬನ್ನಿ. ಪರದೆ ಕಪ್ಪಾಗಿಯೇ ಇರಲಿ, ಅದು ಕಪ್ಪೇ.

ಫೋಕಸ್ ಕೂಡ ಇದೇ ದಾರಿ. ಕಿರೀಟ, ಭುಜಕೀರ್ತಿಗಳ ಮಿಂಚು ಅಲುಗಾಡಿದಂತೆಲ್ಲ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಪೂರ್ತಿ ಜೂಮಿನಲ್ಲಿ ಎದೆಯ ಆಭರಣದ ಮೇಲೆ ಮ್ಯಾನುಯಲ್ ಫೋಕಸ್ ಕೂಡಿಸಿ, ಆಮೇಲೆ ಅಗಲಕ್ಕೆ ಬನ್ನಿ. ಸಣ್ಣ ಸೆನ್ಸರಿನ ಉಪಕಾರ ಇಲ್ಲಿ ಗೊತ್ತಾಗುತ್ತದೆ: ಅಗಲದಲ್ಲಿ ಅಟ್ಟದ ಮುಂದಿನಿಂದ ಹಿಂದಿನವರೆಗೂ ಎಲ್ಲ ಸ್ಪಷ್ಟವಾಗಿರುತ್ತದೆ.

ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸಲು) ಅಟ್ಟದ ದೀಪದ ಕೆಳಗೆ ಬಿಳಿ ಹಾಳೆ ಹಿಡಿದು ಒನ್ ಪುಶ್ ಆಯ್ಕೆ ಒತ್ತಬೇಕು. ಲೋ ಲಕ್ಸ್ ಎಂಬ ಮಂದ ಬೆಳಕಿನ ಆಯ್ಕೆ ಬೇಡ. ಅದರಲ್ಲಿ ಶಟರ್ 1/25 ಸೆಕೆಂಡಿಗೆ ಇಳಿದು ಕುಣಿತವೆಲ್ಲ ಎಳೆದಂತಾಗುತ್ತದೆ. 1/50ರಲ್ಲಿ ಇನ್ನೊಂದು ಲಾಭವಿದೆ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಸಿಗುವುದರಿಂದ ಚಿತ್ರದಲ್ಲಿ ಪಟ್ಟೆ ಹರಿದಾಡುವುದಿಲ್ಲ. ಅಮೆರಿಕದಿಂದ ಯಾರಾದರೂ ತಂದುಕೊಡುವ 60 ಫ್ರೇಮಿನ ಮಾದರಿ ಅದಕ್ಕೇ ನಮ್ಮ ದೀಪಗಳ ಕೆಳಗೆ ಒಗ್ಗುವುದಿಲ್ಲ.

ಧ್ವನಿ – ಅರ್ಧ

ಇದಕ್ಕೆ ಹೊರಗಿನ ಮೈಕ್ ಸಿಕ್ಕಿಸುವ ತೂತಿಲ್ಲ. ಹಾರ್ಮೋನಿಯಂ, ಮದ್ದಲೆ, ಅದರ ಮೇಲೆ ಮೈಕ್‌ಸೆಟ್ಟಿನ ಹಾರ್ನ್ ಎಲ್ಲ ಸೇರಿದಾಗ ಒಳಮೈಕ್ ಒಡೆಯದಿರಲು ಮೈಕ್ ರೆಫರೆನ್ಸ್ ಲೆವೆಲ್ (ಮೈಕಿನ ಧ್ವನಿಮಟ್ಟ) ಲೋ ಇಟ್ಟಿದ್ದೇವೆ. ಗಾಳಿಯ ಸದ್ದು ತಗ್ಗಿಸುವ ಆಯ್ಕೆ ಮದ್ದಲೆಯ ತಗ್ಗಿನ ನಾದವನ್ನೂ ಕತ್ತರಿಸುತ್ತದೆ, ಗಾಳಿ ಬೀಸದ ರಾತ್ರಿ ಅದು ಆಫ್. ಹಿಮ್ಮೇಳದ ಪಕ್ಕ ಪ್ರತ್ಯೇಕ ರೆಕಾರ್ಡರ್ ಇಡುವ ಪರೀಕ್ಷೆ ಮುಂದಿನದು. ಎರಡು ಯಂತ್ರಗಳ ಗಡಿಯಾರ ತಾಸುಗಟ್ಟಲೆ ಹೊಂದಿಕೆಯಾಗಿ ಓಡುವುದಿಲ್ಲ. ಹಾಗಾಗಿ ಶುರುವಿನಲ್ಲಿ ಒಂದು ಚಪ್ಪಾಳೆ ಸಾಲದು, ಬ್ಯಾಟರಿ ಬದಲಿಸಿದಾಗಲೆಲ್ಲ ಕ್ಯಾಮೆರಾದ ಎದುರು ತಾಳ ಒಮ್ಮೆ ತಟ್ಟಿಸಬೇಕು.