ಕರೆಂಟ್ ಸೈಕಲ್ ನೀವೇ ಬಿಚ್ತೀರಾ?

ಬ್ಯಾಟರಿ, ಮೋಟರ್ ಇರುವ ಮೌಂಟನ್ ಬೈಕನ್ನು ಅಂಗಳದಲ್ಲಿ ಬಿಚ್ಚಿ ಹರಡಿಕೊಂಡು ಕೂತರೆ ಸಾಕು, ದಾರಿಯಲ್ಲಿ ಹೋಗುವವರು ನಿಂತು ಕೇಳುತ್ತಾರೆ. "ಇದನ್ನ ನೀವೇ ಬಿಚ್ತೀರಾ? ಕರೆಂಟಿನ ಗಾಡಿ, ಹೆದರಿಕೆ ಆಗಲ್ವಾ?" ಫೋನ್ ಮಾಡಿದವರದ್ದೂ ಇದೇ ಪ್ರಶ್ನೆ, ಮದುವೆ ಮನೆಯಲ್ಲಿ ಸಿಕ್ಕವರದ್ದೂ ಇದೇ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಂಗಾದ್ರೆ ಸ್ಪೀಡ್ ಜಾಸ್ತಿ ಮಾಡಿಕೊಡ್ತೀರಾ?" ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಹೌದು, ನಾನೇ ಬಿಚ್ಚುತ್ತೇನೆ. ನೀವೂ ಬಿಚ್ಚಬಹುದು. ಬ್ಯಾಟರಿ ಪೆಟ್ಟಿಗೆಯ ಒಳಗೆ ಮಾತ್ರ ಕೈ ಹಾಕಬೇಡಿ.

ಇದು ಮೊದಲು ಸೈಕಲ್, ಆಮೇಲೆ ಕರೆಂಟ್ ಗಾಡಿ. ಚೈನು, ಬ್ರೇಕು, ಟೈರು, ಕಡ್ಡಿ, ಬೇರಿಂಗು, ಮುಂದಿನ ಫೋರ್ಕು. ಕೆಡುವುದು ಹೆಚ್ಚಾಗಿ ಇವೇ. ನಾನಿರುವ ಮೂಡಿಗೆರೆ ಕಡೆ ಪಂಚರ್ ಅಂಗಡಿ ಇದೆ, ಒಳ್ಳೆಯ ಬೈಕ್ ಮೆಕ್ಯಾನಿಕ್‌ಗಳೂ ಇದ್ದಾರೆ, ಆದರೆ ಬ್ಯಾಟರಿ ಸೈಕಲ್ ಅಂದ ಕೂಡಲೇ "ಬೆಂಗಳೂರಿಗೇ ತಗೊಂಡು ಹೋಗಿ ಸಾರ್" ಅಂದುಬಿಡುತ್ತಾರೆ. 22ರಿಂದ 25 ಕಿಲೋ ತೂಗುವ ಸೈಕಲನ್ನು ಸಾಗಿಸುವುದು ಒಂದು ಪಾಡು. ಬರೀ ಬ್ಯಾಟರಿ ಕಳಿಸೋಣ ಅಂದರೆ ಲಿಥಿಯಂ ಬ್ಯಾಟರಿಯನ್ನು ಕೊರಿಯರ್‌ನವರು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗಿರುವಾಗ ಕೆಲಸ ಕಲಿತುಕೊಳ್ಳುವುದೇ ವಾಸಿ ಅಲ್ವಾ?

ಹೆದರಿಕೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಮಾರಾಟವಾಗುವ ಇ-ಬೈಕುಗಳಲ್ಲಿ 36 ವೋಲ್ಟ್ ಬ್ಯಾಟರಿ ಮಾಮೂಲಿ. ಪೂರ್ತಿ ಚಾರ್ಜ್ ಆದಾಗ ಅದು 42 ವೋಲ್ಟ್. ಮನೆ ಪ್ಲಗ್ಗಿನ ಹಾಗೆ ಇದು ಹೊಡೆಯುವುದಿಲ್ಲ. ಆದರೆ ಶಾರ್ಟ್ ಆದರೆ ಕಥೆ ಬೇರೆ. ಎರಡು ತುದಿಗೂ ಒಂದು ಪಾನಾ ತಾಗಿದರೆ ಕಿಡಿ ಹಾರುತ್ತದೆ, ಲೋಹ ಸುಟ್ಟುಹೋಗುವಷ್ಟು ಕರೆಂಟ್ ಹರಿಯಬಹುದು. ಅದಕ್ಕೇ ಏನು ಮುಟ್ಟುವ ಮೊದಲೂ ಸ್ವಿಚ್ ಆಫ್ ಮಾಡಿ, ಬ್ಯಾಟರಿಯನ್ನು ಫ್ರೇಮಿನಿಂದ ತೆಗೆದು ದೂರ ಇಡಿ, ಉಂಗುರ, ಬಳೆ, ವಾಚು ಬಿಚ್ಚಿಡಿ. ಆಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ, ಕಂಟ್ರೋಲರ್ (ಬ್ಯಾಟರಿಯಿಂದ ಮೋಟರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ) ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟೂ ಖಾಲಿಯಾಗುತ್ತದೆ. ಸೈಕಲನ್ನು ತಲೆಕೆಳಗು ನಿಲ್ಲಿಸಬೇಡಿ. ಡಿಸ್‌ಪ್ಲೇ ಮೇಲೆ ಅಷ್ಟೂ ಭಾರ ಬೀಳುತ್ತದೆ, ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕ್ ಇದ್ದರೆ ಲಿವರಿನಲ್ಲಿರುವ ಗಾಳಿಗುಳ್ಳೆ ಪೈಪಿಗೆ ಇಳಿಯಬಹುದು. ತೊಲೆಗೆ ಹಗ್ಗ ಕಟ್ಟಿ ಸೀಟಿನ ಕೆಳಗೆ ಹಾಕಿ ಎತ್ತಿದರೆ ಹಿಂದಿನ ಚಕ್ರ ನೆಲ ಬಿಡುತ್ತದೆ, ಅಷ್ಟು ಸಾಕು.

ಮೊದಲು ಚೈನು. ಇದರ ಚೈನು ಮಾಮೂಲಿ ಸೈಕಲಿನದಕ್ಕಿಂತ ಬೇಗ ಸವೆಯುತ್ತದೆ, ಅದರಲ್ಲೂ ಮೋಟರ್ ಪೆಡಲಿನ ಬುಡದಲ್ಲೇ ಕೂತಿರುವ ಮಿಡ್-ಡ್ರೈವ್ ಸೈಕಲ್ ಆದರೆ ನಿಮ್ಮ ಕಾಲಿನ ಬಲ, ಮೋಟರಿನ ಬಲ ಎರಡೂ ಅದೇ ಚೈನಿನ ಮೇಲೆ ಬೀಳುತ್ತವೆ. ಸವೆತ ನೋಡಲು ಒಂದು ಅಡಿಗಿಂತ ಉದ್ದದ ಸ್ಟೀಲ್ ಸ್ಕೇಲ್ ಇದ್ದರೆ ಆಯಿತು, ಬಡಗಿ ಕೆಲಸದವರ ಹತ್ತಿರ ಇದ್ದೇ ಇರುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಪೆಡಲನ್ನು ಸ್ವಲ್ಪ ಒತ್ತಿ ಹಿಡಿದು ಚೈನನ್ನು ಬಿಗಿ ಮಾಡಿ, ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. ಅಲ್ಲಿಂದ 24 ಪಿನ್ ಎಣಿಸಿ. ಚೈನು ಹೊಸದಾದರೆ ಆ ಪಿನ್ನಿನ ನಡುಭಾಗ 12 ಇಂಚಿನ ಗೆರೆಯ ಮೇಲೇ ಕೂತಿರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಅರ್ಧ ಪರ್ಸೆಂಟ್ ಉದ್ದವಾಗಿದೆ, ಬದಲಿಸಿ. ಎಂಟನೇ ಒಂದು ಭಾಗ ದಾಟಿದ್ದರೆ ಹಿಂದಿನ ಹಲ್ಲುಗಳನ್ನೂ ಅದು ತಿಂದು ಮುಗಿಸಿರುತ್ತದೆ, ಆಗ ಹೊಸ ಚೈನು ಹಾಕಿದರೂ ಏರಿನಲ್ಲಿ ಟಕ್ ಟಕ್ ಅಂತ ಹಾರುತ್ತದೆ. ಏರಿನ ಮಧ್ಯೆ ಗೇರ್ ಬದಲಿಸುವಾಗ ಅರೆಗಳಿಗೆ ಪೆಡಲ್ ಮೇಲಿನ ಒತ್ತಡ ಬಿಡಿ. ಇದೊಂದು ಅಭ್ಯಾಸದಿಂದಲೇ ಚೈನಿನ ಆಯಸ್ಸು ಎಷ್ಟೋ ಜಾಸ್ತಿಯಾಗುತ್ತದೆ.

ಬ್ರೇಕಿನಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮ ಯಾವ ಊರಿನ ಗ್ಯಾರೇಜಿಗೆ ಹೋದರೂ ಸ್ಕೂಟರು, ಬೈಕಿಗೆ ಹಾಕುವ ಡಾಟ್ 4 ಬ್ರೇಕ್ ಆಯಿಲ್ ಸಿಗುತ್ತದೆ. ಶಿಮಾನೋ, ಮಗುರಾ ಕಂಪನಿಗಳ ಸೈಕಲ್ ಬ್ರೇಕುಗಳಿಗೆ ಬೇಕಾದದ್ದು ಮಿನರಲ್ ಆಯಿಲ್. ಇವುಗಳಿಗೆ ಡಾಟ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ. ಉಲ್ಟಾ ಮಾಡಿದರೂ ಅಷ್ಟೇ. ಲಿವರ್ ಮುಚ್ಚಳದ ಮೇಲೆ ಯಾವ ಆಯಿಲ್ ಅಂತ ಸಾಮಾನ್ಯವಾಗಿ ಬರೆದಿರುತ್ತದೆ, ಓದಿಯೇ ಹಾಕಿ. ಗ್ಯಾರೇಜಿನವರು "ಎಲ್ಲಾ ಒಂದೇ ಸಾರ್" ಅಂದರೆ ಒಪ್ಪಬೇಡಿ. ಪ್ಯಾಡಿನ ಮಸಾಲೆ ಅರ್ಧ ಮಿಲಿಮೀಟರಿಗೆ ಬಂದರೆ ಮುಗಿಯಿತು, ಹೊಸದು ಹಾಕಿ. ಶಿಮಾನೋ ಡಿಸ್ಕ್ 1.5 ಮಿಲಿಮೀಟರಿಗೆ ಸವೆದರೆ ಅದೂ ಹೋಯಿತು. ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಸೈಕಲಿನ ತೂಕ, ನಿಮ್ಮ ತೂಕ, ಬೆನ್ನಿನ ಬ್ಯಾಗು ಎಲ್ಲವನ್ನೂ ಹಿಡಿದು ನಿಲ್ಲಿಸುವುದು ಆ ಉಗುರಿನಷ್ಟಗಲದ ಪ್ಯಾಡುಗಳು. ಚೈನಿಗೆ ಎಣ್ಣೆ ಬಿಡುವಾಗ ಡಿಸ್ಕಿಗೆ ಒಂದು ಬಟ್ಟೆ ಮುಚ್ಚಿ. ಎಣ್ಣೆ ಕುಡಿದ ಪ್ಯಾಡನ್ನು ಮತ್ತೆ ನಂಬಲಾಗುವುದಿಲ್ಲ.

ಹಿಂದಿನ ಚಕ್ರದಲ್ಲೇ ಮೋಟರ್ ಇರುವ ಹಬ್ ಮೋಟರ್ ಸೈಕಲಿಗೆ ಪಂಚರ್ ಆದರೆ ಎಲ್ಲರೂ ಗಾಬರಿ ಬೀಳುತ್ತಾರೆ. ಹೆಚ್ಚಿನ ಸಲ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ. ಟೈರಿನ ಒಂದು ಬದಿ ಮಾತ್ರ ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ತೂತು ಹುಡುಕಿ, ಅಲ್ಲೇ ಸೊಲ್ಯೂಷನ್ ಹಚ್ಚಿ ಪ್ಯಾಚ್ ಅಂಟಿಸಿ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯುವುದನ್ನು ಮರೆಯಬೇಡಿ. ಚಕ್ರ ತೆಗೆಯಲೇಬೇಕಾದರೆ ಮೊದಲು ಮೋಟರ್ ವೈರಿನ ಕನೆಕ್ಟರ್ ಬಿಡಿಸಿ. ಅದರ ಎರಡು ಕಡೆಯೂ ಬಾಣದ ಗುರುತು ಇರುತ್ತದೆ, ನೇರ ಎಳೆಯಬೇಕು, ತಿರುಚಬಾರದು. ತಿರುಚಿದರೆ ಒಳಗಿನ ಸಣ್ಣ ಪಿನ್ನುಗಳು ಬಾಗುತ್ತವೆ. ನಟ್ಟು ಬಿಚ್ಚುವ ಮುಂಚೆ ಎರಡು ಕಡೆಯ ವಾಷರ್‌ಗಳ ಫೋಟೋ ತೆಗೆದುಕೊಳ್ಳಿ. ಅದರಲ್ಲೊಂದು ವಾಷರಿಗೆ ಫ್ರೇಮಿನ ಸಂದಿಗೆ ಕೂರುವ ಸಣ್ಣ ನಾಲಿಗೆ ಇರುತ್ತದೆ. ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಷ್ಟೇ ಬಲದಿಂದ ಆಕ್ಸಲನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ, ಅದನ್ನು ತಡೆಯುವುದೇ ಆ ನಾಲಿಗೆ. ಅದು ಸರಿಯಾಗಿ ಕೂರದೆ ಆಕ್ಸಲ್ ತಿರುಗಿಬಿಟ್ಟರೆ ವೈರು ಕಿತ್ತುಕೊಂಡು ಬರುತ್ತದೆ.

ಇನ್ನು ಕರೆಂಟಿನ ಭಾಗ. "ಮೋಟರ್ ಸತ್ತೋಯ್ತು" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಡಿಸ್‌ಪ್ಲೇ ಹತ್ತುತ್ತಾ ಅಂತ. ಹತ್ತದಿದ್ದರೆ ಬ್ಯಾಟರಿ ಕಡೆ ನೋಡಬೇಕು. ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಿ, ಬ್ಯಾಟರಿ ಕೂರುವ ಜಾಗದ ಪಿನ್ನುಗಳನ್ನು ನೋಡಿ. ನಮ್ಮ ಮಲೆನಾಡಿನ ಮಳೆಗೆ ಅಲ್ಲಿ ಹಸಿರು ಕಿಲುಬು ಹಿಡಿಯುವುದು ಬಹಳ ಮಾಮೂಲಿ. ಡಿಸ್‌ಪ್ಲೇ ಹತ್ತಿ ಮೋಟರ್ ಮಾತ್ರ ಓಡದಿದ್ದರೆ ಬ್ರೇಕ್ ಲಿವರಿನಲ್ಲಿರುವ ಕಟ್-ಆಫ್ ಸ್ವಿಚ್ ಮೇಲೆ ಅನುಮಾನ ಪಡಿ. ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಿಸುವ ಸ್ವಿಚ್ ಅದು, ಕೆಸರು ಸೇರಿ ಅಂಟಿಕೊಂಡರೆ ಬ್ರೇಕ್ ಹಿಡಿದೇ ಇದೆ ಅಂದುಕೊಂಡು ಕಂಟ್ರೋಲರ್ ಸುಮ್ನೆ ಕೂರುತ್ತದೆ. ಚಕ್ರ ಎತ್ತಿಟ್ಟು ಆ ಕನೆಕ್ಟರ್ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಪೆಡಲ್ ಸೆನ್ಸರ್: ಕ್ರ್ಯಾಂಕಿನ (ಪೆಡಲಿನ ತೋಳು) ಹತ್ತಿರ ಸಣ್ಣ ಅಯಸ್ಕಾಂತಗಳಿರುವ ಒಂದು ಬಿಲ್ಲೆ ಇರುತ್ತದೆ, ಅದು ಸೆನ್ಸರಿನಿಂದ ಸ್ವಲ್ಪ ದೂರ ಸರಿದರೂ ತುಳಿಯುತ್ತಿರುವುದು ಕಂಟ್ರೋಲರಿಗೆ ಗೊತ್ತಾಗುವುದಿಲ್ಲ. ಕೈಯಿಂದ ಒತ್ತಿ ಕೂರಿಸಿದರೆ ಮುಗಿಯಿತು.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಯಾಕಂದರೆ ಅದಕ್ಕೆ ಯಾವ ಸಲಕರಣೆಯೂ ಬೇಡ. ಬ್ಯಾಟರಿ ತೆಗೆದು, ಹಬ್ ಮೋಟರ್ ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ. ಹಿಂದಕ್ಕೇ ಯಾಕೆ ಅಂದರೆ, ಒಳಗೆ ಗೇರ್ ಇರುವ ಹಬ್ ಮೋಟರ್‌ಗಳಲ್ಲಿ ಕ್ಲಚ್ ಇರುತ್ತದೆ, ಮುಂದಕ್ಕೆ ತಿರುಗಿಸಿದರೆ ಚಕ್ರ ಮಾತ್ರ ತಿರುಗುತ್ತದೆ, ಮೋಟರ್ ತಿರುಗುವುದಿಲ್ಲ. ಹಿಂದಕ್ಕೆ ತಿರುಗಿಸಿದಾಗ ಸ್ವಲ್ಪ ಬಿಗಿ ಇರುವುದು ಸಹಜ. ಆದರೆ ತಡೆತಡೆದು, ಯಾರೋ ಹಿಡಿದುಕೊಂಡ ಹಾಗೆ ಜೋರು ಬಿಗಿ ಇದ್ದರೆ ಎಲ್ಲೋ ಶಾರ್ಟ್ ಇದೆ. ಈಗ ಮೋಟರ್ ಕನೆಕ್ಟರ್ ಬಿಡಿಸಿ ಮತ್ತೆ ತಿರುಗಿಸಿ. ಹಗುರಾಯಿತಾ? ಕಂಟ್ರೋಲರಿನಲ್ಲಿ ಮೋಟರಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಸ್ವಿಚ್, ಅಂದರೆ ಮಾಸ್ಫೆಟ್, ಸುಟ್ಟಿದೆ, ಕಂಟ್ರೋಲರ್ ಬದಲಿಸಿ. ಇನ್ನೂ ಹಾಗೇ ಇದೆಯಾ? ಮೋಟರಿಗೆ ಹೋಗುವ ಮೂರು ದಪ್ಪ ವೈರುಗಳು ಆಕ್ಸಲಿನ ಹತ್ತಿರ ಎಲ್ಲೋ ಉಜ್ಜಿ ಒಂದಕ್ಕೊಂದು ತಾಗಿವೆ, ಇಲ್ಲವೇ ಒಳಗಿನ ವೈಂಡಿಂಗ್ ಹೋಗಿದೆ. ಇಷ್ಟು ತಿಳಿದಿದ್ದರೆ ಹೊಸ ಮೋಟರ್ ಹಾಕಿಸಿ ಅಂತ ಯಾರಾದರೂ ಹೇಳಿದಾಗ ನೀವು ಎದುರು ಪ್ರಶ್ನೆ ಕೇಳಬಹುದು. ಕಂಟ್ರೋಲರ್, ಕನೆಕ್ಟರ್, ವೈರಿನ ಜೋಡಣೆ ಮುಚ್ಚುವ ಹೀಟ್ ಶ್ರಿಂಕ್ ಕೊಳವೆ, ಮಲ್ಟಿಮೀಟರ್ ಇವೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಸಿಗುತ್ತವೆ. ಹಳೆಯ ಕಂಟ್ರೋಲರಿನ ಲೇಬಲ್ ಫೋಟೋ ಜೊತೆಗಿರಲಿ, ವೋಲ್ಟೇಜ್, ಆಂಪಿಯರ್, ಕನೆಕ್ಟರ್ ಮೂರೂ ಹೊಂದಬೇಕು.

ಬ್ಯಾಟರಿ ಒಳಗೆ ಯಾಕೆ ಕೈ ಹಾಕಬಾರದು? 36 ವೋಲ್ಟಿನ ಪ್ಯಾಕಿನಲ್ಲಿ ಸೆಲ್‌ಗಳ ಹತ್ತು ಗುಂಪುಗಳು ಸಾಲಾಗಿ ಜೋಡಿಸಿರುತ್ತವೆ, ಒಂದೊಂದೂ 4.2 ವೋಲ್ಟ್ ತನಕ ಏರುತ್ತದೆ, ನಿಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಿರುತ್ತಾರೆ. ಇಲ್ಲಿ ಆಫ್ ಮಾಡಲು ಸ್ವಿಚ್ಚೇ ಇಲ್ಲ. ಬಿಚ್ಚಿದ ಪ್ಯಾಕ್ ಯಾವಾಗಲೂ ಜೀವಂತ. ಸ್ಕ್ರೂಡ್ರೈವರ್ ಜಾರಿ ತಪ್ಪು ಜಾಗಕ್ಕೆ ತಾಗಿದರೆ, ಅಥವಾ ಬೆಸುಗೆ ಕಡ್ಡಿಯಿಂದ ಸೆಲ್ಲನ್ನೇ ಕಾಯಿಸಿದರೆ, ಹತ್ತುವ ಬೆಂಕಿ ಆರಿಸಲು ಬಹಳ ಕಷ್ಟ. ಸೋತ ನಾಲ್ಕು ಸೆಲ್ ತೆಗೆದು ಹೊಸದು ಹಾಕಿಕೊಡುತ್ತೇನೆ ಅನ್ನುವವರೂ ಇದ್ದಾರೆ. ಹಳೆಯದರ ಜೊತೆ ಹೊಸದು ಸೇರಿದರೆ ಗುಂಪುಗಳ ನಡುವೆ ಸಮತೋಲ ತಪ್ಪುತ್ತದೆ, ಆ ಪ್ಯಾಕನ್ನು ನಾನು ಮನೆಯೊಳಗೆ ಚಾರ್ಜ್‌ಗೆ ಹಾಕಲಾರೆ. ಬ್ಯಾಟರಿ ಮುಗಿದರೆ ಅದೇ ವೋಲ್ಟೇಜಿನ ಹೊಸ ಪ್ಯಾಕ್ ಕೊಳ್ಳಿ. ಹಳೆಯದನ್ನು ಗುಜರಿಗೆ ಹಾಕಬೇಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಿಲೇವಾರಿಯ ಹೊಣೆ ತಯಾರಕರದು, ಕೊಂಡ ಕಡೆಯೇ ಕೇಳಿ. ಮಳೆಗಾಲದಲ್ಲಿ ಸೈಕಲ್ ಮೂಲೆ ಸೇರುವುದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಒಣ ಜಾಗದಲ್ಲಿಡಿ. ವಾಟರ್ ಸರ್ವಿಸ್ ಗನ್ನಿನಿಂದ ತೊಳೆಸುವುದಂತೂ ಬೇಡವೇ ಬೇಡ, ಬಕೆಟ್ಟು, ಬ್ರಷ್ಷು ಸಾಕು.

ಜರ್ಮನಿಯಲ್ಲಿರುವ ನಮ್ಮವರೂ ಇದೇ ಕೇಳುತ್ತಾರೆ. ಅಲ್ಲಿ ಬಾಷ್‌ನಂಥ ಕಂಪನಿಗಳ ಮಿಡ್-ಡ್ರೈವ್ ಜಾಸ್ತಿ. ಅದರ ಸೈಕಲ್ ಭಾಗವನ್ನು ನೀವೇ ನೋಡಿಕೊಳ್ಳಬಹುದು, ಆದರೆ ಮೋಟರಿನ ಸಾಫ್ಟ್‌ವೇರ್ ತಪಾಸಣೆಗೆ ಡೀಲರ್ ಹತ್ತಿರದ ಸಲಕರಣೆಯೇ ಬೇಕು. ಇದು ನನಗೆ ಸರಿ ಕಾಣುವುದಿಲ್ಲ. ದುಡ್ಡು ಕೊಟ್ಟು ಕೊಂಡವನಿಗೆ ತನ್ನ ಗಾಡಿಯಲ್ಲಿ ಏನು ಕೆಟ್ಟಿದೆ ಅಂತ ತಿಳಿಯುವ ಹಕ್ಕಾದರೂ ಇರಬೇಕು. ಯೂರೋಪಿನ ಹೊಸ ಬ್ಯಾಟರಿ ಕಾನೂನು ಒಂದು ಹೆಜ್ಜೆ ಮುಂದಿಟ್ಟಿದೆ: 2027ರ ಫೆಬ್ರವರಿಯಿಂದ ಇ-ಬೈಕುಗಳ ಬ್ಯಾಟರಿಯನ್ನು ಕಂಪನಿಗೆ ಸೇರದ ಸ್ವತಂತ್ರ ಕೆಲಸಗಾರರೂ ತೆಗೆದು ಬದಲಿಸುವಂತೆ ಮಾಡಿರಬೇಕು.

ಈಗ ಸ್ಪೀಡು. ನಮ್ಮ ದೇಶದಲ್ಲಿ 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿನ ಬ್ಯಾಟರಿ ಸೈಕಲಿಗೆ ಲೈಸೆನ್ಸ್, ನೋಂದಣಿ ಬೇಡ. ಅದನ್ನು ದಾಟಿಸಿದರೆ ಅದು ನೋಂದಣಿ ಇಲ್ಲದ ಮೋಟರ್ ವಾಹನ, ಅಪಘಾತವಾದರೆ ಕೇಳುವವರಿರುವುದಿಲ್ಲ. 36 ವೋಲ್ಟಿನ ಕಂಟ್ರೋಲರಿಗೆ 48 ವೋಲ್ಟಿನ ಬ್ಯಾಟರಿ ಸಿಕ್ಕಿಸಿದರೆ ಓಡುತ್ತದೆ ಅನ್ನುತ್ತಾರೆ. ಪೂರ್ತಿ ಚಾರ್ಜ್ ಆದ 48ರ ಪ್ಯಾಕ್ 54.6 ವೋಲ್ಟ್ ಇರುತ್ತದೆ, 36ರ ಕಂಟ್ರೋಲರುಗಳಲ್ಲಿ ಎಷ್ಟೋ ಕಡೆ 50 ವೋಲ್ಟ್ ಮಾತ್ರ ತಾಳುವ ಕೆಪಾಸಿಟರ್ ಇರುತ್ತವೆ, ಆ ಮಿತಿ ಮೀರಿಹೋಗುತ್ತದೆ. ಅದಕ್ಕೇ ನಾನು ಮಾಡಿಕೊಡುವುದಿಲ್ಲ.

ದುಡ್ಡು ಹಾಕುವ ಮನಸ್ಸಿದ್ದರೆ ಬ್ರೇಕಿಗೆ ಹಾಕಿ, ಆಮೇಲೆ ಟೈರಿಗೆ. ವೈರ್ ಡಿಸ್ಕ್ ಬ್ರೇಕಿನಿಂದ ಹೈಡ್ರಾಲಿಕ್‌ಗೆ ಹೋದವರು ಮೊದಲ ಇಳಿಜಾರಿನಲ್ಲೇ ವ್ಯತ್ಯಾಸ ಹೇಳುತ್ತಾರೆ. 160 ಮಿಲಿಮೀಟರ್ ಅಗಲದ ಡಿಸ್ಕನ್ನು 180 ಮಾಡಬಹುದು, ಆದರೆ ಫೋರ್ಕ್ ಎಷ್ಟರವರೆಗೆ ತಾಳುತ್ತದೆ ಅಂತ ನೋಡಿಕೊಂಡು. ಹಿಂದೆ ಹತ್ತು ಸ್ಪೀಡಿನ ಕ್ಯಾಸೆಟ್ (ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಹಲ್ಲುಚಕ್ರಗಳ ಗುಂಪು) ಹಾಕಬೇಕು ಅನ್ನುವವರು ಕೊಳ್ಳುವ ಮೊದಲು ಮೋಟರ್ ನೋಡಿ. ಕಡಿಮೆ ಬೆಲೆಯ ಹಬ್ ಮೋಟರುಗಳಿಗೆ ಹೆಚ್ಚಾಗಿ ತಿರುಪಿ ಕೂರಿಸುವ ಹಲ್ಲುಚಕ್ರ, ಅಂದರೆ ಫ್ರೀವೀಲ್ ಇರುತ್ತದೆ, ಕ್ಯಾಸೆಟ್ ಅದಕ್ಕೆ ಕೂರುವುದಿಲ್ಲ. ಹೈಡ್ರಾಲಿಕ್ ಲಿವರ್ ಹಾಕುವಾಗ ಹಳೆಯ ಲಿವರಿನ ಜೊತೆ ಕಟ್-ಆಫ್ ಸ್ವಿಚ್ಚೂ ಹೋಗಿಬಿಡುತ್ತದೆ. ಬೇರೆಯಾಗಿ ಸಿಗುವ ಅಯಸ್ಕಾಂತದ ಸೆನ್ಸರನ್ನು ಹೊಸ ಲಿವರಿಗೆ ಅಂಟಿಸಿ. ಆಮೇಲೆ ಹಿಂದಿನ ಚಕ್ರ ಎತ್ತಿ, ಮೋಟರ್ ಓಡಿಸಿ, ಎಡಗೈ ಲಿವರ್ ಒಮ್ಮೆ, ಬಲಗೈದು ಒಮ್ಮೆ ಮೆಲ್ಲಗೆ ಹಿಡಿದು ನೋಡಿ. ಪ್ಯಾಡು ಡಿಸ್ಕಿಗೆ ತಾಗುವ ಮೊದಲೇ ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಅಯಸ್ಕಾಂತದ ಜಾಗವನ್ನು ಇನ್ನೊಂಚೂರು ಸರಿಹೊಂದಿಸಿ, ಅಲ್ಲಿಯವರೆಗೆ ಘಾಟಿ ಕಡೆ ಹೋಗಬೇಡಿ.